ಖುಷಿಗೂ ಉಚ್ಚೆ, ಅಂಜಿಕೆಗೂ ಉಚ್ಚೆ: ಸಾಕುನಾಯಿ ಪ್ರಶ್ನೋತ್ತರ

ಮನೆಗೆ ಯಾರಾದರೂ ಕಾಲಿಟ್ಟ ಕೂಡಲೇ ನಾಯಿ ನಿಂತಲ್ಲೇ ಒದ್ದೆ ಮಾಡುತ್ತದೆ ಎಂಬ ಪತ್ರಗಳು ಒಟ್ಟಿಗೇ ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ‘ಎಷ್ಟು ಬೈದರೂ ಕಲಿಯುತ್ತಿಲ್ಲ’ ಎಂಬ ಸಾಲಿದೆ. ತೊಂದರೆ ಹೆಚ್ಚುತ್ತಿರುವುದು ಆ ಬೈಗುಳದಿಂದಲೇ. ಅದು ಹೇಗೆ ಎಂಬುದು ಮೊದಲನೇ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮದು ಐದು ತಿಂಗಳ ಹೆಣ್ಣು ಲ್ಯಾಬ್ರಡಾರ್. ರಾತ್ರಿಯಿಡೀ ಒಂದು ಹನಿಯೂ ಮಾಡುವುದಿಲ್ಲ, ಹೊರಗೆ ಕರೆದೊಯ್ದರೆ ಸರಿಯಾಗಿ ಮಾಡುತ್ತದೆ. ಆದರೆ ಸಂಜೆ ನನ್ನ ಗಂಡ ಬಾಗಿಲು ತೆಗೆದರೆ ಸಾಕು, ಬಾಲ ಆಡಿಸುತ್ತ ಕುಣಿಯುತ್ತ ಹಾಲ್ ತುಂಬ ಉಚ್ಚೆಯ ಗೆರೆ ಎಳೆಯುತ್ತದೆ. ಅವರು ಗದರಿಸಿ, ಮೂತಿಯನ್ನು ಅದಕ್ಕೆ ಉಜ್ಜುತ್ತಾರೆ. ಈಗ ಅವರನ್ನು ಕಂಡರೆ ಇನ್ನೂ ಜಾಸ್ತಿಯಾಗಿದೆ. – ಓದುಗರು, ಹಾಸನ

ಉತ್ತರ: ರಾತ್ರಿಯಿಡೀ ತಡೆದುಕೊಳ್ಳುವ ಮರಿಗೆ ಮೂತ್ರಕೋಶದ ಕಾಯಿಲೆ ಇರುವ ಸಾಧ್ಯತೆ ಕಡಿಮೆ. ಹೊರಗೆ ಮಾಡಬೇಕೆಂಬುದೂ ಅದಕ್ಕೆ ಗೊತ್ತಾಗಿದೆ. ಹಾಗಾಗಿ ಇದು ಕಾಯಿಲೆಯಲ್ಲ, ಕಲಿಕೆಯ ಕೊರತೆಯಲ್ಲ, ಹಟವಂತೂ ಅಲ್ಲವೇ ಅಲ್ಲ. ಮೂತ್ರಕೋಶದ ಬಾಯಿಯನ್ನು ಬಿಗಿಹಿಡಿಯುವ ಉಂಗುರದಂಥ ಸ್ನಾಯುವಿನ ಮೇಲೆ ಮರಿಗೆ ಪೂರ್ತಿ ಹಿಡಿತ ಬರಲು ತಿಂಗಳುಗಳು ಬೇಕು. ಸಂಭ್ರಮ ಒಮ್ಮೆಗೇ ಉಕ್ಕಿದಾಗ ಆ ಬಿಗಿ ಸಡಿಲುತ್ತದೆ. ಮರಿ ನಿಂತೋ ಓಡುತ್ತಲೋ ಮಾಡುತ್ತದೆ, ಕುಳಿತು ಮಾಡುವುದಿಲ್ಲ. ಎಷ್ಟೋ ಸಲ ತನ್ನಿಂದ ಉಚ್ಚೆ ಹೋದದ್ದೇ ಅದಕ್ಕೆ ತಿಳಿದಿರುವುದಿಲ್ಲ. ಬಹುಪಾಲು ಮರಿಗಳಲ್ಲಿ ಒಂದು ವರ್ಷ ತುಂಬುವ ಹೊತ್ತಿಗೆ ಇದು ತಾನಾಗಿ ಕಡಿಮೆಯಾಗುತ್ತದೆ.

ಇನ್ನು ಗದರುವುದು, ಮೂತಿ ಉಜ್ಜುವುದು. ತಿಳಿಯದೇ ಆದ ಕೆಲಸಕ್ಕೂ ಈ ಶಿಕ್ಷೆಗೂ ಮರಿ ನಂಟು ಕಟ್ಟಲಾರದು. ‘ಈ ಮನುಷ್ಯ ಒಳಗೆ ಬಂದರೆ ಅಪಾಯ’ ಎಂಬುದನ್ನು ಮಾತ್ರ ಚೆನ್ನಾಗಿ ಕಲಿಯುತ್ತದೆ. ನಾಯಿಗಳ ಭಾಷೆಯಲ್ಲಿ ದೊಡ್ಡವರ ಮುಂದೆ ಮುದುರಿ ಉಚ್ಚೆ ಬಿಡುವುದೆಂದರೆ ‘ನಾನು ಚಿಕ್ಕವಳು, ಬಿಟ್ಟುಬಿಡಿ’ ಎಂದು ಬೇಡಿಕೊಂಡ ಹಾಗೆ. ಅದಕ್ಕೂ ಬೈದರೆ ಇನ್ನಷ್ಟು ಬೇಡಿಕೊಳ್ಳುತ್ತದೆ, ಅಂದರೆ ಇನ್ನಷ್ಟು ಉಚ್ಚೆ. ನಿಮ್ಮ ಮರಿಯಲ್ಲಿ ಖುಷಿಯ ಉಚ್ಚೆಯ ಮೇಲೆ ಅಂಜಿಕೆಯ ಉಚ್ಚೆಯೂ ಸೇರಿಕೊಳ್ಳುತ್ತಿದೆ. ಗಂಡನನ್ನು ಕಂಡಾಗ ಮಾತ್ರ ಹೆಚ್ಚಾಗುತ್ತಿರುವುದು ಅದಕ್ಕೇ. ಇವತ್ತಿನಿಂದಲೇ ಗದರುವುದನ್ನು ನಿಲ್ಲಿಸಿ. ಮುಂದೆ ಹೇಳುವ ಎಲ್ಲಕ್ಕಿಂತ ಇದು ಮುಖ್ಯ.

ಅವರು ಬರುವ ಹತ್ತು ನಿಮಿಷ ಮೊದಲು ಮರಿಯನ್ನು ಹೊರಗೆ ಕರೆದೊಯ್ದು, ಉಚ್ಚೆ ಮಾಡಿ ಮುಗಿಸುವವರೆಗೆ ಜೊತೆಗೆ ನಿಲ್ಲಿ. ಬಾಗಿಲು ತೆಗೆದು ಅಂಗಳಕ್ಕೆ ಬಿಟ್ಟು ಬಂದರೆ ಅದು ಮೂಸಿ ನೋಡಿ ಹಾಗೇ ವಾಪಸು ಬರುತ್ತದೆ. ಸಾಧ್ಯವಿದ್ದರೆ ಮೊದಲ ಎರಡು ವಾರ ಭೇಟಿಯೂ ಗೇಟಿನ ಬಳಿ, ಮಣ್ಣಿನ ಮೇಲೇ ಆಗಲಿ. ಅಲ್ಲಿ ಒದ್ದೆಯಾದರೂ ಯಾರ ಮುಖವೂ ಗಂಟಿಕ್ಕುವುದಿಲ್ಲ, ಆ ನಿರಾಳ ಮರಿಗೂ ತಾಗುತ್ತದೆ.

ಒಳಗೆ ಬರುವಾಗ ನಿಮ್ಮ ಗಂಡ ಮರಿಯ ಕಡೆ ನೋಡಬಾರದು, ಹೆಸರು ಹಿಡಿದು ಕರೆಯಬಾರದು. ಬ್ಯಾಗಿಟ್ಟು, ಕೈಕಾಲು ತೊಳೆದು, ನೀರು ಕುಡಿದು ಮುಗಿಸಲಿ. ಮರಿಯ ನಾಲ್ಕೂ ಕಾಲು ನೆಲದ ಮೇಲೆ ನಿಂತು ಉಸಿರು ತಗ್ಗಲು ಸಾಮಾನ್ಯವಾಗಿ 5ರಿಂದ 10 ನಿಮಿಷ ಬೇಕು. ಆಮೇಲೆ ಪಕ್ಕಕ್ಕೆ ತಿರುಗಿ ಕೂತು, ಮೆಲುದನಿಯಲ್ಲಿ ಮಾತಾಡಿಸಿ, ಎದೆಯ ಬಳಿ ಮೂರು ಸೆಕೆಂಡು ಕೆರೆದು ನಿಲ್ಲಿಸಲಿ. ಸೊಂಟವೇ ಅಲುಗುವಂತೆ ಬಾಲ ಬೀಸತೊಡಗಿದರೆ ಎದ್ದು ಆಚೆ ತಿರುಗಲಿ. ಇದು ಕಲ್ಲುಮನಸ್ಸಿನ ಕೆಲಸ ಅನ್ನಿಸುವುದು ಸಹಜ, ಆದರೆ ಮರಿಯ ಪ್ರೀತಿಯನ್ನು ಇಲ್ಲಿ ಯಾರೂ ತಳ್ಳಿಹಾಕುತ್ತಿಲ್ಲ, ಹತ್ತು ನಿಮಿಷ ಮುಂದಕ್ಕೆ ಹಾಕುತ್ತಿದ್ದಾರೆ ಅಷ್ಟೆ.

ಬಾಗಿಲ ಹೊರಗೆ ಒಂದು ಡಬ್ಬಿಯಲ್ಲಿ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿದ ಬೇಯಿಸಿದ ಕೋಳಿ, ಪನೀರ್ ಅಥವಾ ಕ್ಯಾರೆಟ್ ಚೂರುಗಳಿರಲಿ. ಬಾಗಿಲು ತೆರೆಯುತ್ತಲೇ ಎಂಟು ಹತ್ತು ಚೂರನ್ನು ಮರಿಯ ಹಿಂದಕ್ಕೆ, ನೆಲದ ಮೇಲೆ ಚೆಲ್ಲಿ. ಮೂಗು ನೆಲಕ್ಕಿಳಿದರೆ ಮೈ ಹಾರುವುದಿಲ್ಲ. ಮೂಸಿ ಹುಡುಕುವ ಕೆಲಸವೇ ನಾಯಿಯನ್ನು ತಣಿಸುತ್ತದೆ, ಅಷ್ಟರಲ್ಲಿ ಸಂಭ್ರಮದ ಮೊದಲ ಅಲೆ ದಾಟಿರುತ್ತದೆ. ಕೊಟ್ಟಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡಿ, ಲ್ಯಾಬ್ರಡಾರ್‌ಗಳು ಬೇಗ ಕೊಬ್ಬುತ್ತವೆ.

ಕಾಲಿಂಗ್ ಬೆಲ್ ಸದ್ದಿಗೇ ಮರಿ ಉಬ್ಬುತ್ತಿದ್ದರೆ ಯಾರೂ ಬಾರದ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿ. ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಣ್ಣಗೆ ಕೇಳಿಸಿ, ಕೂಡಲೇ ಒಂದು ಚೂರನ್ನು ಅದರ ಚಾಪೆಯ ಮೇಲೆ ಹಾಕಿ. ಒಂದು ಸರದಿಗೆ ಹತ್ತು ಬಾರಿ, ದಿನಕ್ಕೆ ಎರಡು ಸರದಿ. ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಬೇಡ. ಸದ್ದು ಕೇಳಿದ ತಕ್ಷಣ ಚಾಪೆಯತ್ತ ತಿರುಗುವ ಹಾಗಾದ ಮೇಲೆ ದನಿ ಏರಿಸಿ. ಆಮೇಲೆ ನಿಜವಾದ ಬೆಲ್, ಆಮೇಲೆ ಮನೆಯವರೇ ಹೊರಹೋಗಿ ಬರುವುದು, ಕೊನೆಗೆ ಪಕ್ಕದ ಮನೆಯವರೊಬ್ಬರು. ಎಲ್ಲಾದರೂ ಒಂದು ಹನಿ ಬಿದ್ದರೆ ಮೆಟ್ಟಿಲು ಎತ್ತರವಾಯಿತು ಎಂದರ್ಥ, ಹಿಂದಿನದಕ್ಕೆ ಇಳಿಯಿರಿ. ಮೂರು ದಿನ ಚೆನ್ನಾಗಿ ನಡೆಯಿತೆಂದು ನಾಲ್ಕನೇ ದಿನ ಆರು ಜನ ನೆಂಟರ ಮುಂದೆ ಪರೀಕ್ಷೆಗೆ ನಿಲ್ಲಿಸಿದರೆ ಎಲ್ಲವೂ ಮೊದಲಿನ ಜಾಗಕ್ಕೇ ಬರುತ್ತದೆ.

ಇಷ್ಟಾದರೂ ಮಾಡಿಬಿಟ್ಟರೆ ‘ಅಯ್ಯೋ’ ಎನ್ನಬೇಡಿ, ನಗಲೂ ಬೇಡಿ. ಸುಮ್ಮನೆ ಹೊರಗೆ ನಡೆಸಿಕೊಂಡು ಹೋಗಿ, ಮರಿ ಆಚೆ ಇರುವಾಗ ನೆಲ ಒರೆಸಿ.

ಪ್ರಶ್ನೆ: ಬೀದಿಯಿಂದ ತಂದು ಸಾಕಿದ ಎರಡು ವರ್ಷದ ಗಂಡು ನಾಯಿ. ನಮ್ಮ ತಂದೆ ತಲೆ ಸವರಲು ಬಗ್ಗಿದರೆ ಕಿವಿ ಹಿಂದಕ್ಕೆ ಒತ್ತಿ, ನೆಲಕ್ಕಂಟಿ, ಹೊಟ್ಟೆ ಮೇಲೆ ಮಾಡಿ ಉಚ್ಚೆ ಹೊಯ್ಯುತ್ತದೆ. ತಾಯಿಯ ಹತ್ತಿರ ಹಾಗಿಲ್ಲ. ತಂದೆ ಎಂದೂ ಹೊಡೆದವರಲ್ಲ, ಅವರಿಗೆ ಬೇಸರವಾಗಿದೆ. – ಓದುಗರು, ಧಾರವಾಡ

ಉತ್ತರ: ಇದು ಹಾಸನದ ಮರಿಯ ಕತೆಯಲ್ಲ. ಇಲ್ಲಿ ಖುಷಿಯಿಲ್ಲ, ಶುದ್ಧ ಅಂಜಿಕೆಯಿದೆ. ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ, ನೋಟ ಪಕ್ಕಕ್ಕೆ, ಬಾಯಿ ಬಿಗಿ. ಇವು ಕಂಡರೆ ಶರಣಾಗತಿಯ ಉಚ್ಚೆ ಎಂದು ತಿಳಿಯಿರಿ. ತಂದೆಯ ತಪ್ಪೇನೂ ಇಲ್ಲ. ಎತ್ತರದ ಆಳು, ಗಡಸು ದನಿ, ಭಾರದ ಹೆಜ್ಜೆ, ಮೇಲಿನಿಂದ ಇಳಿದು ಬರುವ ಕೈ, ಇಷ್ಟೇ ಸಾಕು. ಬೀದಿಯಲ್ಲಿ ಬೆಳೆದ ನಾಯಿಗೆ ಬಗ್ಗಿದ ಮನುಷ್ಯನೆಂದರೆ ಕಲ್ಲು ಹೆಕ್ಕುವ ಮನುಷ್ಯ.

ಹೊಟ್ಟೆ ಮೇಲೆ ಮಾಡಿದ್ದನ್ನು ‘ಸವರು’ ಎಂಬ ಕೋರಿಕೆ ಎಂದುಕೊಂಡು ಅಲ್ಲೇ ಕೈಹಾಕುವುದು ತುಂಬ ಜನ ಮಾಡುವ ತಪ್ಪು. ಮುದ್ದಿಗಾಗಿ ಹೊರಳುವ ನಾಯಿಯ ಮೈ ಸಡಿಲವಾಗಿರುತ್ತದೆ, ಬಾಯಿ ಅರೆತೆರೆದಿರುತ್ತದೆ. ನಿಮ್ಮ ನಾಯಿ ಮರಗಟ್ಟಿದಂತೆ ಮಲಗುತ್ತದೆ. ಅದು ಕೇಳುತ್ತಿರುವುದು ಮುದ್ದನ್ನಲ್ಲ, ಬಿಡುಗಡೆಯನ್ನು. ಆಗ ತಂದೆ ಮಾಡಬೇಕಾದ್ದು ಎರಡು ಹೆಜ್ಜೆ ಹಿಂದೆ ಸರಿದು ಬೆನ್ನು ತಿರುಗಿಸುವುದು.

ದಿನಾ ಹದಿನೈದು ನಿಮಿಷ ಅವರು ಮಣೆಯ ಮೇಲೆ, ನಾಯಿಗೆ ಪಕ್ಕವಾಗಿ ಕೂತು ಪತ್ರಿಕೆ ಓದಲಿ. ಅದನ್ನು ನೋಡದೆ ಆಗಾಗ ಒಂದು ಚೂರನ್ನು ಆರೇಳು ಅಡಿ ದೂರಕ್ಕೆ ಎಸೆಯಲಿ. ದಿನ ಕಳೆದಂತೆ ಚೂರುಗಳು ಹತ್ತಿರ ಬೀಳಲಿ. ಹತ್ತಿರ ಬರುವ ನಿರ್ಧಾರ ಪೂರ್ತಿ ನಾಯಿಯದ್ದೇ ಆಗಿರಬೇಕು. ಬಂದು ಮೂಸಿದ ಮೇಲೂ ಕೈ ಚಾಚುವ ಆತುರ ಬೇಡ. ಇನ್ನೂ ಕೆಲವು ದಿನ ಬಿಟ್ಟು ಅಂಗೈ ಮೇಲ್ಮುಖವಾಗಿ, ಕೆಳಗಿನಿಂದ, ಗದ್ದದಡಿ ಅಥವಾ ಎದೆಗೆ ತಾಗಿಸಿ ಎರಡು ಎಣಿಸುವಷ್ಟರಲ್ಲಿ ಹಿಂತೆಗೆಯಲಿ. ನಾಯಿ ಮೈ ಒರಗಿಸಿದರೆ ಮತ್ತೊಮ್ಮೆ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ ಅವತ್ತಿಗೆ ಅಷ್ಟೇ ಸಾಕು. ತಲೆಯ ಮೇಲಿನಿಂದ ಕೈ ತರುವುದು, ಅಪ್ಪಿಕೊಳ್ಳುವುದು, ಮೂಲೆಗೆ ಒತ್ತಿ ಮಾತಾಡಿಸುವುದು, ದಿಟ್ಟಿಸಿ ನೋಡುವುದು ಸದ್ಯಕ್ಕೆ ಬೇಡ. ರಾತ್ರಿಯ ಊಟ ತಂದೆಯ ಕೈಯಿಂದಲೇ ಆಗಲಿ, ತಟ್ಟೆಯಿಟ್ಟು ಆಚೆ ಹೋಗಲಿ.

ಜೊತೆಗೆ ತಾಯಿಯವರು ‘ಕೂರು’, ‘ಕೈ ಮುಟ್ಟು’ ಎಂಬ ಎರಡು ಸಣ್ಣ ಪಾಠ ಹೇಳಿಕೊಡಲಿ. ಅಂಗೈಯನ್ನು ನಾಯಿಯ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದು, ಅದು ಮೂಗು ತಾಗಿಸಿದ ಕ್ಷಣ ಚೂರು ಕೊಡುವುದು. ಏನು ಮಾಡಬೇಕೆಂದು ಗೊತ್ತಿರುವ ನಾಯಿಗೆ ಭಯ ಕಡಿಮೆ. ಈ ಆಟವನ್ನು ಆಮೇಲೆ ತಂದೆಯ ಕೈಗೂ ದಾಟಿಸಬಹುದು. ಕತ್ತು ಬಿಗಿಯುವ ಸರಪಳಿ, ಸುರುಳಿ ಸುತ್ತಿದ ಪತ್ರಿಕೆಯ ಏಟು, ಇವೆರಡೂ ಈ ನಾಯಿಯ ಹತ್ತಿರ ಸುಳಿಯಬಾರದು.

ಮರಿಗಳ ಖುಷಿಯ ಉಚ್ಚೆಯಂತೆ ಇದು ವಯಸ್ಸಿನೊಂದಿಗೆ ತಾನಾಗಿ ಹೋಗುತ್ತದೆಂದು ಕಾಯಬೇಡಿ. ವಾರಗಳಲ್ಲಿ ಬದಲಾವಣೆ ಕಾಣಬಹುದು, ನೆಲೆಗೊಳ್ಳಲು ತಿಂಗಳುಗಳೇ ಬೇಕು. ನಡುಕ, ಅಡಗಿ ಕೂರುವುದು, ಗುರ್ ಎನ್ನುವುದು ಜೊತೆಗಿದ್ದರೆ ಪಶುವೈದ್ಯರ ಬಳಿ ಮಾತಾಡಿ. ಆತಂಕ ತಗ್ಗಿಸುವ ಔಷಧಿಗಳಿವೆ, ನಾಯಿಯ ತೂಕ ನೋಡಿ ಅವರೇ ಕೊಡಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಬೇಡ. ಅಂದಹಾಗೆ, ನಮ್ಮ ಮುಧೋಳ ನಾಯಿಗಳೂ ಅಪರಿಚಿತರು ಮೈಮುಟ್ಟುವುದನ್ನು ಇಷ್ಟಪಡುವ ಜಾತಿಯಲ್ಲ. ಆ ತಳಿಯ ಮರಿ ತಂದವರಿಗೂ ಇದೇ ಕ್ರಮ ಒಗ್ಗುತ್ತದೆ.

ಪ್ರಶ್ನೆ: ನಾವು ಫ್ಲಾಟಿನಲ್ಲಿರುವವರು. ನಾಯಿಯನ್ನು ಗಮನಿಸಬೇಡಿ ಎಂದರೆ ಅತಿಥಿಗಳು ಕೇಳುವುದಿಲ್ಲ, ಮಕ್ಕಳಂತೂ ಕಿರುಚಿಕೊಂಡು ಓಡಿ ಬರುತ್ತಾರೆ. – ಓದುಗರು, ಮಂಗಳೂರು

ಉತ್ತರ: ಬಾಗಿಲಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಆಗ ಅವರ ಕಣ್ಣು ನಾಯಿಯ ಮೇಲಿರುತ್ತದೆ. ಹೊರಡುವ ಮೊದಲೇ ಅವರ ಫೋನಿಗೆ ಹೀಗೆ ಬರೆಯಿರಿ: ‘ನಮ್ಮ ನಾಯಿ ಖುಷಿಗೆ ಉಚ್ಚೆ ಮಾಡಿಕೊಳ್ಳುತ್ತದೆ, ಕಲಿಸುತ್ತಿದ್ದೇವೆ. ಒಳಗೆ ಬಂದು ಹತ್ತು ನಿಮಿಷ ಅದು ಅಲ್ಲಿಲ್ಲವೇನೋ ಎಂಬಂತೆ ಇರಿ. ಆಮೇಲೆ ನಾವೇ ಕರೆಯುತ್ತೇವೆ.’ ಸೀರೆ, ಪ್ಯಾಂಟು ಒದ್ದೆಯಾಗಬಹುದೆಂಬ ಸುಳಿವು ಸಿಕ್ಕರೆ ಜನ ಪಾಲಿಸುತ್ತಾರೆ.

ಆದರೂ ಅವರನ್ನೇ ನಂಬಿ ಕೂರಬೇಡಿ. ಬೆಲ್ ಆದಾಗ ನಾಯಿ ಕೋಣೆಯೊಳಗೋ ಮಕ್ಕಳ ಅಡ್ಡಗೇಟಿನ ಹಿಂದೆಯೋ ಇರಲಿ, ಮೆಲ್ಲಲು ಏನಾದರೂ ಕೊಡಿ. ಅತಿಥಿಗಳು ಕೂತು, ಕಾಫಿ ಬಂದು, ಮಾತು ಹದಕ್ಕೆ ಬಂದ ಮೇಲೆ ಆರಡಿ ಹಗ್ಗದಲ್ಲಿ ಕರೆತನ್ನಿ. ಕೂತಿರುವ ಮನುಷ್ಯ ನಿಂತವನಿಗಿಂತ ಚಿಕ್ಕವನು, ನಾಯಿಗೆ ಅಷ್ಟು ಉದ್ವೇಗವಾಗುವುದಿಲ್ಲ. ಕತ್ತುಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಹಗ್ಗ ಸಡಿಲವಿರಲಿ, ಜಗ್ಗಿ ಹಿಡಿದರೆ ಉದ್ವೇಗ ಏರುತ್ತದೆ. ಮಕ್ಕಳಿಗೆ ‘ಮರದ ಆಟ’ ಹೇಳಿಕೊಡಿ: ಕೈಗಳನ್ನು ಎದೆಗೆ ಕಟ್ಟಿ, ತಮ್ಮ ಪಾದ ನೋಡುತ್ತ, ಸದ್ದಿಲ್ಲದೆ ನಿಲ್ಲುವುದು. ಆಟ ಎಂದರೆ ಅವರು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ದೀಪಾವಳಿಯಂಥ ಹಬ್ಬದ ಸಂಜೆ ಅಭ್ಯಾಸದ ಹೊತ್ತಲ್ಲ. ಅವತ್ತು ಒಳಕೋಣೆಯೇ ಅದಕ್ಕೆ ನೆಮ್ಮದಿ. ಅತಿಥಿಗಳು ಪ್ರೀತಿಯಿಂದ ಕೇಸರಿಬಾತು, ಪಾಯಸ ತಿನ್ನಿಸದಂತೆಯೂ ನೋಡಿಕೊಳ್ಳಿ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಪ್ರಶ್ನೆ: ನೀರು ಕಡಿಮೆ ಕೊಟ್ಟರೆ ಉಚ್ಚೆ ಕಡಿಮೆಯಾಗುತ್ತದಲ್ಲವೇ? – ಓದುಗರು, ಕಲಬುರಗಿ

ಉತ್ತರ: ಬೇಡ. ನಿಮ್ಮೂರಿನ ಬೇಸಿಗೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ನೀರು ಸದಾ ಸಿಗುತ್ತಿರಲಿ, ಹೊರಗೆ ಕರೆದೊಯ್ಯುವ ಸರದಿಯನ್ನು ಹೆಚ್ಚಿಸಿ. ನಾಯಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ಕುಡಿಯುತ್ತದೆ, 10 ಕಿಲೋ ನಾಯಿಗೆ ಅರ್ಧ ಲೀಟರಿನ ಆಸುಪಾಸು. ಸೆಖೆ, ಓಟ, ಒಣ ಆಹಾರ ಇದನ್ನು ಹೆಚ್ಚಿಸುತ್ತವೆ. ಅಳೆದು ಬಟ್ಟಲಿಗೆ ಹಾಕಿ, 24 ಗಂಟೆಯ ಮೇಲೆ ಉಳಿದದ್ದನ್ನು ಕಳೆದು ನೋಡಿ. 10 ಕಿಲೋ ನಾಯಿ ದಿನಾ 1 ಲೀಟರ್ ದಾಟುತ್ತಿದ್ದರೆ ಸಂಭ್ರಮದ ಮಾತು ಬಿಟ್ಟು ವೈದ್ಯರನ್ನು ಕಾಣಿ.

ಪ್ರಶ್ನೆ: ಆರು ವರ್ಷದ ಹೆಣ್ಣು ನಾಯಿ, ಮಕ್ಕಳಾಗದ ಆಪರೇಶನ್ ಆಗಿದೆ. ಎರಡು ತಿಂಗಳಿಂದ ಮಲಗೆದ್ದ ಜಾಗ ಒದ್ದೆ ಇರುತ್ತದೆ. ಅತಿಯಾದ ಉತ್ಸಾಹದಿಂದ ಹೀಗಾಗುತ್ತದೆ ಎಂದು ಪರಿಚಿತರು ಹೇಳಿದರು. – ಓದುಗರು, ಶಿವಮೊಗ್ಗ

ಉತ್ತರ: ನಿದ್ದೆಯಲ್ಲಿ ಉತ್ಸಾಹವೆಲ್ಲಿಂದ? ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ ಹಾರ್ಮೋನು ಕಡಿಮೆಯಾಗಿ, ಮೂತ್ರನಾಳ ಬಿಗಿಯುವ ಸ್ನಾಯು ಸಡಿಲಾಗಿ, ಮಲಗಿದಾಗ ಜಿನುಗುವುದು ಸಾಮಾನ್ಯ. ದೊಡ್ಡ ತಳಿಗಳಲ್ಲಿ ಇನ್ನೂ ಹೆಚ್ಚು. ಇದಕ್ಕೆ ಔಷಧಿಯಿದೆ, ಬಹುಪಾಲು ನಾಯಿಗಳು ಚೆನ್ನಾಗಿ ಸ್ಪಂದಿಸುತ್ತವೆ. ಆದರೆ ಅದಕ್ಕೂ ಮೊದಲು ಮೂತ್ರ ಪರೀಕ್ಷೆಯಾಗಬೇಕು. ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇವೆಲ್ಲ ಮೊದಲು ಹೀಗೇ ಕಾಣಿಸಿಕೊಳ್ಳಬಹುದು. ತುರಿಕೆಗೆಂದು ಕೊಡುವ ಸ್ಟೆರಾಯ್ಡ್ ಮಾತ್ರೆಯೂ ನೀರಡಿಕೆ, ಮೂತ್ರ ಎರಡನ್ನೂ ಹೆಚ್ಚಿಸುತ್ತದೆ. ಕೊಡುತ್ತಿದ್ದರೆ ವೈದ್ಯರಿಗೆ ಹೇಳಿ, ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ಮಾದರಿಯನ್ನು ಬೆಳಗಿನ ಮೊದಲ ಮೂತ್ರದಿಂದ ಹಿಡಿಯಿರಿ. ಉದ್ದ ಹಿಡಿಯ ಸೌಟನ್ನು ತೊಳೆದು ಒಣಗಿಸಿ, ನಾಯಿ ಕುಳಿತು ಶುರುಮಾಡಿದ ಮೇಲೆ ಕೆಳಗೆ ಚಾಚಿ, ಔಷಧಿ ಅಂಗಡಿಯಲ್ಲಿ ಸಿಗುವ ಮುಚ್ಚಳದ ಡಬ್ಬಿಗೆ ಸುರಿಯಿರಿ. ಒಂದೆರಡು ಗಂಟೆಯೊಳಗೆ ತಲುಪಿಸಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನವರಿಗೆ ಹೆಬ್ಬಾಳದ್ದಿದೆ.

ಉಳಿದ ಓದುಗರೂ ಗಮನಿಸಬೇಕಾದ ಲಕ್ಷಣಗಳಿವೆ. ಹನಿಹನಿಯಾಗಿ ಮತ್ತೆ ಮತ್ತೆ ಮಾಡುವುದು, ತಿಣುಕುವುದು, ರಕ್ತ ಕಾಣುವುದು ಸೋಂಕಿನ ಅಥವಾ ಕಲ್ಲಿನ ಗುರುತು. ಹುಟ್ಟಿದಂದಿನಿಂದ ಸದಾ ಬಾಲದಡಿ ಒದ್ದೆಯಿರುವ ಹೆಣ್ಣು ಮರಿಗೆ ಮೂತ್ರವಾಹಿನಿ ತಪ್ಪು ಜಾಗಕ್ಕೆ ಸೇರಿರಬಹುದು, ಅದು ತರಬೇತಿಯಿಂದ ಹೋಗುವಂಥದ್ದಲ್ಲ. ಆಪರೇಶನ್ ಆಗದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು, ಊಟ ಬಿಟ್ಟು, ವಾಂತಿ ಮಾಡಿದರೆ ಗರ್ಭಕೋಶದ ಕೀವು ಇರಬಹುದು. ಗಂಡು ನಾಯಿ ಕಾಲೆತ್ತಿ ತಿಣುಕಿದರೂ ಹನಿ ಬಾರದಿದ್ದರೆ ನಾಳ ಕಟ್ಟಿರಬಹುದು. ಈ ಕೊನೆಯ ಎರಡಕ್ಕೆ ನಾಳೆ ಎನ್ನುವಂತಿಲ್ಲ, ಅದೇ ದಿನ ಆಸ್ಪತ್ರೆ ಸೇರಬೇಕು.

ಪ್ರಶ್ನೆ: ಹತ್ತು ತಿಂಗಳ ಗಂಡು ನಾಯಿ ಬಂದವರ ಬ್ಯಾಗಿಗೆ ಕಾಲೆತ್ತುತ್ತದೆ. – ಓದುಗರು, ಮೈಸೂರು

ಉತ್ತರ: ಗುರಿಯಿಟ್ಟು, ಕಾಲೆತ್ತಿ, ಸ್ವಲ್ಪವೇ ಬಿಡುವುದು ಗುರುತು ಹಾಕುವ ಕೆಲಸ, ಸಂಭ್ರಮವಲ್ಲ. ಬ್ಯಾಗು ಚಪ್ಪಲಿಗಳನ್ನು ಎತ್ತರದಲ್ಲಿಡಿ, ಮೊದಲ ಅರ್ಧ ಗಂಟೆ ಹಗ್ಗದಲ್ಲಿರಲಿ, ಹೊರಗೆ ಮೂಸಲು ಹೆಚ್ಚು ಹೊತ್ತು ಬಿಡಿ. ಬೀಜ ತೆಗೆಸುವುದರಿಂದ ಹಲವು ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಯಾವ ವಯಸ್ಸಿಗೆ ಎಂಬುದನ್ನು ತಳಿ ನೋಡಿ ವೈದ್ಯರೇ ಹೇಳಬೇಕು.

ಪ್ರಶ್ನೆ: ಹಳೆಯ ಕೆಂಪು ಗಾರೆ ನೆಲ. ಫಿನಾಯಿಲ್ ಹಾಕಿ ಒರೆಸಿದರೂ ವಾಸನೆ ಹೋಗುತ್ತಿಲ್ಲ, ನಾಯಿ ಅದೇ ಜಾಗಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಇಲಿ ಜ್ವರದ ಭಯವೂ ಇದೆ. – ಓದುಗರು, ಶಿರಸಿ

ಉತ್ತರ: ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಗಾರೆ ನೆಲ ಉಚ್ಚೆಯನ್ನು ಹೀರುತ್ತದೆ, ತಡಮಾಡಿದಷ್ಟೂ ಆಳಕ್ಕೆ. ಮೊದಲು ಹಳೆಯ ಪತ್ರಿಕೆಯನ್ನೋ ಹತ್ತಿ ಬಟ್ಟೆಯನ್ನೋ ಒತ್ತಿ ಹೀರಿಸಿ. ಉಜ್ಜಿದರೆ ಹರಡುತ್ತದೆ. ಸೋಪಿನ ನೀರಿನಿಂದ ಒರೆಸಿ, ಬರಿನೀರಿನಿಂದ ಮತ್ತೊಮ್ಮೆ. ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ (ಎನ್‌ಜೈಮ್) ದ್ರಾವಣವನ್ನು ಜಾಗ ತೊಯ್ಯುವಷ್ಟು ಹಾಕಿ, 10–15 ನಿಮಿಷ ಒದ್ದೆಯಾಗಿಯೇ ಬಿಟ್ಟು ಒರೆಸಿ. ಹಳೆಯ ಕಲೆಗೆ ಎರಡು ಮೂರು ಬಾರಿ ಬೇಕು. ಅದೇ ಜಾಗಕ್ಕೆ ಫಿನಾಯಿಲ್ ಹಾಕಿದ್ದರೆ ಚೆನ್ನಾಗಿ ತೊಳೆದ ಮೇಲೆಯೇ ಇದನ್ನು ಬಳಸಿ, ಇಲ್ಲವಾದರೆ ಕಿಣ್ವ ಕೆಲಸ ಮಾಡದು. ನಿಂಬೆ, ವಿನೆಗರ್, ಕಕ್ಕಸು ತೊಳೆಯುವ ಆಸಿಡ್ ಗಾರೆಯನ್ನೂ ಅಮೃತಶಿಲೆಯನ್ನೂ ತಿನ್ನುತ್ತವೆ. ವಿಟ್ರಿಫೈಡ್ ಟೈಲ್ಸಿಗೆ ಮಾತ್ರ ವಿನೆಗರ್, ನೀರು ಸಮಸಮ ಬೆರೆಸಿ ಬಳಸಬಹುದು. ಹಸಿ ಉಚ್ಚೆಯ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯಲೇಬೇಡಿ, ಕಣ್ಣು ಗಂಟಲು ಉರಿಸುವ ವಿಷಗಾಳಿ ಏಳುತ್ತದೆ. ಬಾಗಿಲ ಬಳಿ ತೆಂಗಿನ ನಾರಿನ ಕಾಲೊರಸು ಇದ್ದರೆ ವಾಸನೆಯ ಮೂಲ ಅದೇ ಆಗಿರಬಹುದು. ತೆಗೆದು, ಒಗೆಯಲು ಬರುವ ಬಟ್ಟೆಯದನ್ನು ಹಾಕಿ.

ಇಲಿ ಜ್ವರದ ಭಯ ಮಲೆನಾಡು, ಕರಾವಳಿಯಲ್ಲಿ ಸುಳ್ಳಲ್ಲ. ಸೋಂಕಿದ ನಾಯಿಯ ಮೂತ್ರದಿಂದ ಅದು ಚರ್ಮದ ಗಾಯದ ಮೂಲಕ ಮನುಷ್ಯರಿಗೆ ಬರಬಹುದು. ಕೈಗವಸು ಹಾಕಿಯೇ ಒರೆಸಿ. ನಾಯಿಗೆ ಹಾಕಿಸುವ ಸಂಯುಕ್ತ ಲಸಿಕೆಯಲ್ಲಿ ಲೆಪ್ಟೋಸ್ಪೈರೋಸಿಸ್ (ಇಲಿ ಜ್ವರ) ಸೇರಿದೆಯೇ ಎಂದು ಕೇಳಿ. ಮೊದಲ ಸಲ ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಮ್ಮೆ. ನಾಯಿಯ ಊಟದ ತಟ್ಟೆ ರಾತ್ರಿ ಹೊರಗೆ ಉಳಿಯದಿರಲಿ, ಇಲಿ ಬರುವುದು ಅದಕ್ಕೇ.

ಪ್ರಶ್ನೆ: ಕಾಕರ್ ಸ್ಪ್ಯಾನಿಯಲ್‌ಗೆ 14 ತಿಂಗಳಾದರೂ ಬಂದವರನ್ನು ಕಂಡಾಗಿನ ಉಚ್ಚೆ ನಿಂತಿಲ್ಲ. ಡೈಪರ್ ಹಾಕಬಹುದೇ? – ಓದುಗರು, ಬೆಂಗಳೂರು

ಉತ್ತರ: ಅತಿಥಿಗಳಿರುವ ಒಂದೆರಡು ಗಂಟೆಗೆ ಹಾಕಬಹುದು. ಗಂಡಿಗೆ ಹೊಟ್ಟೆಪಟ್ಟಿ, ಹೆಣ್ಣಿಗೆ ಬಾಲಕ್ಕೆ ತೂತಿರುವ ಡೈಪರ್. ಎರಡು ಬೆರಳು ನುಸುಳುವಷ್ಟು ಸಡಿಲವಿರಲಿ. ಒದ್ದೆಯಾದ ತಕ್ಷಣ ತೆಗೆದು, ಚರ್ಮ ಒರೆಸಿ ಒಣಗಿಸಿ, ಇಲ್ಲವಾದರೆ ಹುಣ್ಣಾಗುತ್ತದೆ. ದಿನವಿಡೀ ಹಾಕಿಡಬೇಡಿ. ಹೊಸದನ್ನು ಖಾಲಿ ಮನೆಯಲ್ಲಿ ಎರಡು ಮೂರು ದಿನ ಐದೈದು ನಿಮಿಷ ತೊಡಿಸಿ ರೂಢಿ ಮಾಡಿಸಿ. ಬೆಲ್ ಆದಾಗಲೇ ಹಿಡಿದು ಕಟ್ಟಿದರೆ ಅದೇ ಇನ್ನೊಂದು ಗಾಬರಿಯಾಗುತ್ತದೆ.

ನಿಮ್ಮ ತಳಿಯಲ್ಲಿ ಈ ತೊಂದರೆ ಸ್ವಲ್ಪ ಹೆಚ್ಚೇ ಕಾಣುತ್ತದೆ. ಒಂದು ವರ್ಷ ದಾಟಿರುವುದರಿಂದ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ: ಯಾರು ಬಂದರು, ನಿಂತಿದ್ದರೋ ಬಗ್ಗಿದರೋ, ಮಾತಾಡಿಸಿದರೋ, ನಾಯಿಯ ಕಿವಿ ಬಾಲ ಹೇಗಿತ್ತು, ಹೊರಗೆ ಹೋಗಿ ಎಷ್ಟು ಹೊತ್ತಾಗಿತ್ತು. ಹತ್ತು ಹನ್ನೆರಡು ಸಾಲಾಗುವಷ್ಟರಲ್ಲಿ ನಿಮ್ಮದು ಹಾಸನದ ಮರಿಯೋ ಧಾರವಾಡದ ನಾಯಿಯೋ ಗೊತ್ತಾಗುತ್ತದೆ. ಅದರಂತೆ ಮೇಲಿನ ಎರಡು ಕ್ರಮಗಳಲ್ಲಿ ಒಂದನ್ನು ಹಿಡಿಯಿರಿ. ಎರಡು ತಿಂಗಳು ಬಿಡದೆ ಮಾಡಿದರೂ ಬದಲಾಗದಿದ್ದರೆ ಆ ನೋಟ್‌ಬುಕ್ಕನ್ನೂ, ಬಾಗಿಲ ಬಳಿಯ ಒಂದು ನಿಮಿಷದ ವಿಡಿಯೋವನ್ನೂ ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಇದನ್ನು ಮಾಡಿ ತೋರಿಸುವುದಿಲ್ಲ.